ಕಸೂತಿಯ ಹಿಂಬದಿ: ಹವ್ಯಾಸವನ್ನು ಮೆಚ್ಚುಗೆಯ ಹಂಗಿನಿಂದ ಬಿಡಿಸಿಕೊಳ್ಳುವ ಬಗೆ

ಧಾರವಾಡದ ಕಡೆ ಕಸೂತಿ ಹಾಕಿದ ಬಟ್ಟೆಯನ್ನು ಕೈಗೆ ಕೊಟ್ಟರೆ, ಆ ಕೆಲಸ ಬಲ್ಲ ಹೆಂಗಸರು ಮೊದಲು ಅದನ್ನು ಮಗುಚಿ ನೋಡುತ್ತಾರೆ. ನಾನು ಹೊಲಿದ ಮೊದಲ ಗೋಪುರದ ಚಿತ್ತಾರ ಮುಗಿದ ದಿನ ಸೋದರತ್ತೆಯೂ ಹಾಗೆಯೇ ಮಾಡಿದರು. "ಮುಂದ ಛಲೋ ಅದ, ಹಿಂದ ಹೆಂಗ ಬಂದದ ತೋರಸವಾ" ಎಂದರು. ಹಿಂದೆ ಎರಡು ಗಂಟುಗಳಿದ್ದವು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಅಡ್ಡಾದಿಡ್ಡಿ ಹಾರಿದ ದಾರವಿತ್ತು. ಅವರು ಬೈಯಲಿಲ್ಲ, ಪಕ್ಕದಲ್ಲಿ ಕುಳಿತು, ಸೂಜಿಯ ಮೊನೆಯಿಂದ ಒಂದೊಂದೇ ಹೊಲಿಗೆ ಬಿಚ್ಚಿ, ದಾರ ಎಲ್ಲಿ ತಿರುಗಬೇಕಿತ್ತೆಂದು ತೋರಿಸಿದರು. ಆ ಸಂಜೆ ಯಾರೂ ನನ್ನನ್ನು ಹೊಗಳಲಿಲ್ಲವಾದರೂ ಅಷ್ಟು ಸಂತೋಷ ಮುಂದೆ ಯಾವ ಹೊಗಳಿಕೆಯಿಂದಲೂ ಸಿಗಲಿಲ್ಲ. ಕೆಲವು ವರ್ಷಗಳ ನಂತರ, ಹಾಕಿದ ಪ್ರತಿ ಹೂವಿನ ಫೋಟೊ ತೆಗೆದು ಹತ್ತು ಜನರಿಗೆ ಕಳಿಸುವ ಅಭ್ಯಾಸ ಬೆಳೆದಾಗ ಆ ಸಂತೋಷ ಕರಗುತ್ತಾ ಬಂತು. ಅದನ್ನು ಮರಳಿ ಪಡೆಯಲು ನನಗೆ ನೆರವಾದ ಕ್ರಮಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಸೂತಿಯ ಮುಖ್ಯ ಹೊಲಿಗೆಗಳು 4: ಗವಂತಿ, ಮುರ್ಗಿ, ನೇಯ್ದಂತೆ ಕಾಣುವ ನೇಯ್ಗಿ, ಗುಣಾಕಾರದ ಗುರುತಿನಂತೆ (×) ಅಡ್ಡಡ್ಡ ಹಾಕುವ ಮೆಂತಿ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇದರಲ್ಲಿಲ್ಲ. ಎಳೆಗಳನ್ನು ಎಣಿಸಿಯೇ ಸೂಜಿ ಇಳಿಸಬೇಕು, ಗಂಟು ಹಾಕಬಾರದು. ಗವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆಯ ಜಾಗ ಬಿಟ್ಟು ಒಂದು ಹೊಲಿಗೆ ಹಾಕುತ್ತಾ ಹೋಗಿ, ಬರುವಾಗ ಬಿಟ್ಟ ಜಾಗಗಳನ್ನು ತುಂಬುತ್ತಾ ಹೊರಟಲ್ಲಿಗೇ ಮರಳಬೇಕು. ಮುರ್ಗಿಯೂ ಇದೇ ಕ್ರಮದಲ್ಲಿ, ಮೆಟ್ಟಿಲಿನಂತೆ ಏರುತ್ತಾ ಇಳಿಯುತ್ತಾ ಸಾಗುತ್ತದೆ. ಇವೆರಡೂ ಬಟ್ಟೆಯ ಎರಡು ಬದಿಯಲ್ಲೂ ಒಂದೇ ತೆರನಾಗಿ ಕಾಣುತ್ತವೆ. ಎಣಿಕೆಯಲ್ಲಿ ಒಂದೇ ಎಳೆ ತಪ್ಪಿದರೂ ಮರಳಿ ಬಂದ ದಾರ ಹೊರಟ ಗೆರೆಯನ್ನು ಕೂಡುವುದಿಲ್ಲ. ಕೆಲಸ ಸರಿಯಾಯಿತೇ ಇಲ್ಲವೇ ಎಂಬುದನ್ನು ಬಟ್ಟೆಯೇ ಹೇಳುವಾಗ ಬೇರೆಯವರ ಬಾಯಿಂದ ಕೇಳಬೇಕೆಂಬ ಹಂಬಲವನ್ನು ಕಡಿಮೆ ಮಾಡಿಕೊಳ್ಳುವುದು ಸಾಧ್ಯವೆಂದು ನಾನು ನಂಬಿದ್ದೇನೆ.

ಮೊದಲು ಮಾಡಬೇಕಾದದ್ದು, ಯಾರಿಗೂ ತೋರಿಸಬೇಕಾಗಿಲ್ಲದ ಒಂದು ಬಟ್ಟೆಯನ್ನು ಎತ್ತಿಡುವುದು. ಎಳೆಗಳು ಸ್ಪಷ್ಟವಾಗಿ ಕಾಣುವ ಒಂದು ಗೇಣು ಮ್ಯಾಟಿ ಬಟ್ಟೆ, ಮೊನೆ ಮೊಂಡಾದ ಸೂಜಿ, 6 ಎಳೆಯ ದಾರದಿಂದ ಬಿಡಿಸಿಕೊಂಡ 2 ಎಳೆ, ಇಷ್ಟು ಸಾಕು. ಇದು ಉಡುಗೊರೆಯೂ ಅಲ್ಲ, ಗೋಡೆಗೆ ತೂಗುಹಾಕುವ ಚಿತ್ರವೂ ಅಲ್ಲ. ಹೊಸ ತಿರುವನ್ನು ಪ್ರಯತ್ನಿಸುವುದು, ಕೆಡಿಸುವುದು, ಬಿಚ್ಚುವುದು ಎಲ್ಲವೂ ಇದರ ಮೇಲೆಯೇ ನಡೆಯಲಿ.

ಏನನ್ನು ಹೊಲಿಯಬೇಕೆಂದು ಆರಿಸುವಾಗ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಮೆಚ್ಚುಗೆಯ ಆಸೆ ಒಳಗೆ ನುಸುಳುವುದು ಇಲ್ಲಿಯೇ. ಫೋನಿನ ಪರದೆಯಲ್ಲಿ ಎದ್ದು ಕಾಣುವುದು ದಟ್ಟ ಬಣ್ಣದಲ್ಲಿ ತುಂಬಿದ ಮೆಂತಿ ಹೊಲಿಗೆ; ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಸಣ್ಣ ಗವಂತಿ ಗೆರೆ ಅಲ್ಲಿ ಕಾಣುವುದೇ ಇಲ್ಲ. ನಾನು ಅರಿವಿಲ್ಲದೆಯೇ ಗವಂತಿಯನ್ನು ಕೈಬಿಟ್ಟು, ತಿಂಗಳುಗಟ್ಟಲೆ ಮೆಂತಿಯಲ್ಲಿ ನವಿಲುಗಳನ್ನೇ ತುಂಬುತ್ತಾ ಕುಳಿತಿದ್ದೆ. ಮೆಂತಿ ಕೀಳೆಂದು ಇದರರ್ಥವಲ್ಲ. ನನಗೆ ಪ್ರಿಯವಾದದ್ದು ಅದಾಗಿರಲಿಲ್ಲ ಅಷ್ಟೆ. ಹಿಂದಿನವರು ಗೋಪುರ, ತೇರು, ತುಳಸಿ ವೃಂದಾವನ, ತೊಟ್ಟಿಲು, ಆನೆ, ಗಿಳಿ ಎಂದು ತಾವು ದಿನವೂ ಕಂಡದ್ದನ್ನು, ಮನಸ್ಸಿಗೆ ಹತ್ತಿರವಾದದ್ದನ್ನು ಸೆರಗಿಗೆ ತಂದರು. ನಿಮಗೂ ಅಂಥದ್ದು ಏನಿದೆಯೆಂದು ನೋಡಿ, ಅದನ್ನು ಚೌಕುಳಿ ಹಾಳೆಯ ಮೇಲೆ ಚುಕ್ಕಿಯಿಟ್ಟು, ದಾರ ಹೋಗುವ ದಾರಿಯನ್ನೂ ಮರಳುವ ದಾರಿಯನ್ನೂ ಪೆನ್ಸಿಲಿನಿಂದ ಗುರುತಿಸಿಕೊಳ್ಳಿ. ಈ ದಾರಿ ಹುಡುಕುವ ಅರ್ಧ ಗಂಟೆಯೇ ನನಗಂತೂ ಇಡೀ ಕೆಲಸದ ಅತಿ ಸೊಗಸಿನ ಭಾಗ.

ಕೂರುವ ಹೊತ್ತು ಸಣ್ಣದಾಗಿರಲಿ. ಹಗಲಿನ ಬೆಳಕು ಬೇಕು. ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಪಂಚೆ ಹಾಸಿಕೊಂಡರೆ ಎಳೆಗಳ ನಡುವಿನ ಸಂದು ಚೆನ್ನಾಗಿ ಕಾಣುತ್ತದೆ. ಮುಂದಿನ ಹೊಲಿಗೆ ಎಲ್ಲಿ ಬೀಳಬೇಕೆಂಬುದು ಗೊತ್ತಿರುವಾಗಲೇ ಸೂಜಿ ಚುಚ್ಚಿಟ್ಟು ಏಳಿ, ಮರುದಿನ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಫೋನು ಬೇರೆ ಕೋಣೆಯಲ್ಲಿರಲಿ.

ಅರ್ಧಕ್ಕೆ ನಿಂತ ಕೆಲಸವನ್ನು ತೋರಿಸಿ "ಹೇಗಿದೆ?" ಎಂದು ಕೇಳಬೇಡಿ. ಆ ಪ್ರಶ್ನೆಗೆ "ಚೆನ್ನಾಗಿದೆ" ಎಂಬ ಉತ್ತರವಷ್ಟೇ ಬರುತ್ತದೆ, ಬಾರದಿದ್ದರೆ ಮನಸ್ಸು ಮುದುಡುತ್ತದೆ. ಸೂಜಿ ಹಿಡಿದು ಗೊತ್ತಿರುವ ಒಬ್ಬರ ಹತ್ತಿರ, "ಈ ಕಳಶದ ತುದಿಯಿಂದ ದಾರವನ್ನು ಹೇಗೆ ಹಿಂದಕ್ಕೆ ತರಲಿ?" ಎಂದು ಕೇಳಿದರೆ ಮಾತು ಕೆಲಸದ ಮೇಲೆಯೇ ನಿಲ್ಲುತ್ತದೆ.

ನೋಡಿದವರು "ನನಗೂ ಒಂದು ಸೀರೆಗೆ ಹಾಕಿಕೊಡಿ" ಎನ್ನುವ ದಿನ ಬಂದೇ ಬರುತ್ತದೆ. ಧಾರವಾಡ, ಹುಬ್ಬಳ್ಳಿ ಸುತ್ತಮುತ್ತ ಕಸೂತಿಯನ್ನೇ ನಂಬಿ ಬದುಕುವ ಹೆಂಗಸರಿದ್ದಾರೆ. ಕೇಳಿದವರನ್ನು ಅವರಲ್ಲಿಗೆ ಕಳಿಸಿ, ನ್ಯಾಯವಾದ ಮಜೂರಿ ಕೊಡುವಂತೆ ಹೇಳಿ. ಬೇರೆಯವರ ಗಡುವಿಗೆ ಒಪ್ಪಿಕೊಂಡ ಮರುದಿನವೇ ಹವ್ಯಾಸದ ಸ್ವರೂಪ ಬದಲಾಗುತ್ತದೆ ಎಂಬುದನ್ನು ನಾನು ಎರಡು ಸಲ ಅನುಭವಿಸಿದ್ದೇನೆ.

ತಪ್ಪು ಕಂಡಾಗ ಬಿಚ್ಚಬೇಕೇ ಬೇಡವೇ ಎಂಬುದನ್ನೂ ನೀವೇ ನಿರ್ಧರಿಸಿ. ಯಾರಿಗೂ ಕಾಣದಿದ್ದರೂ ನಿಮಗೆ ಚುಚ್ಚುತ್ತಿದ್ದರೆ ಬಿಚ್ಚಿ. ನಿಮಗೆ ಸಮಾಧಾನವಿದ್ದರೆ ಬಿಡಿ. ಕೊನೆಯಲ್ಲಿ ದಾರದ ತುದಿಯನ್ನು ಹಾಕಿದ ಹೊಲಿಗೆಗಳ ಅಡಿಯಲ್ಲಿಯೇ ಮೂರು ನಾಲ್ಕು ಸಲ ನುಸುಳಿಸಿ ಕತ್ತರಿಸಿ, ಅಂಚು ಮಡಚಿ ಹೊಲಿದು, ಒಮ್ಮೆ ತಣ್ಣೀರಿನಲ್ಲಿ ಒಗೆಯಿರಿ. ಆ ಮೇಲೂ ಯಾರಿಗಾದರೂ ತೋರಿಸಬೇಕೆನಿಸಿದರೆ, ಹಿಂಬದಿ ಮೇಲಾಗಿ ಬರುವಂತೆ ಮಡಚಿ ಅವರ ಕೈಗೆ ಕೊಡಿ.