ಗೋಡೆಯ ಬಿರುಕು, ಮುತ್ತಲ ಹೂವಿನ ಬಣ್ಣ: ಕನಸಿನ ನಾಟಕ ಕಟ್ಟಿದ ನನ್ನ ಅನುಭವ

ನಾವು ಮಾಡಿದ ಶೇಕ್ಸ್‌ಪಿಯರನ ನಾಟಕದಲ್ಲಿ ಗೋಡೆಯ ಪಾತ್ರ ಮಾಡಿದವನು ಒಬ್ಬ ಗೌಂಡಿ ಹುಡುಗ. ಹಗಲೆಲ್ಲಾ ಸಿಮೆಂಟು, ಇಟ್ಟಂಗಿ, ಶಹಾಬಾದ್ ಫರಸಿ. ಸಂಜೆ ಏಳಕ್ಕೆ ಮುಖ ತೊಳೆದು ತಾಲೀಮಿಗೆ ಬರುತ್ತಿದ್ದ. ನಾಟಕದೊಳಗೆ ಇನ್ನೊಂದು ನಾಟಕ ಇದೆ. ಅದರಲ್ಲಿ ಪಿರಮಸ್, ಥಿಸ್ಬಿ ಅನ್ನೋ ಪ್ರೇಮಿಗಳು ಗೋಡೆಯ ಬಿರುಕಿನಲ್ಲಿ ಪಿಸುಗುಡಬೇಕು. ನಾನು ಥರ್ಮಾಕೋಲಿನ ಗೋಡೆ ಮಾಡಿಸಿ ಇಟ್ಟಿದ್ದೆ. ಅದನ್ನು ಹಿಡಿದು ನಿಂತರೆ ಹುಡುಗನ ಮುಖವೇ ಕಾಣುತ್ತಿರಲಿಲ್ಲ.

"ಅಕ್ಕೋರೆ, ಇದು ಬ್ಯಾಡ್ರಿ. ದಿನಾ ಗ್ವಾಡಿ ಕಟ್ಟಾಂವ ನಾ. ನಾನೇ ನಿಂದರ್ತೀನಿ" ಅಂದ. ಕೈ ಚಾಚಿ ಎರಡು ಬೆರಳು ಅಗಲಿಸಿದ. ಸಿಮೆಂಟು ತಿಂದು ಬೆರಳ ತುದಿಯ ಚರ್ಮ ಒಡೆದಿತ್ತು, ಉಗುರಿನ ಸಂದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ಬೂದು ಬಣ್ಣ. ಥಿಸ್ಬಿಯ ಪಾತ್ರ ಮಾಡುತ್ತಿದ್ದ ಆಟೋ ಹುಡುಗ, ಈಗಷ್ಟೇ ಮೀಸೆ ಚಿಗುರಿದವನು, ಬಗ್ಗಿ ಆ ಸಂದಿಗೆ ಬಾಯಿ ಇಟ್ಟು ತನ್ನ ಮಾತು ಹೇಳಿದ. ಅಲ್ಲಿವರೆಗೆ ಕಿಸಿಕಿಸಿ ನಗುತ್ತಿದ್ದ ಉಳಿದವರು ಸುಮ್ಮನಾದರು. ಮೂಲ ನಾಟಕದಲ್ಲೂ ಬೆರಳಿನ ಬಿರುಕೇ ಇರೋದು. ಓದಿದ್ದೆ, ಆದರೆ ನಂಬಿರಲಿಲ್ಲ. ಆ ಥರ್ಮಾಕೋಲನ್ನು ಅವತ್ತೇ ಮೂಲೆಗೆ ಇಟ್ಟೆ.

ನಾನು ಕಲಬುರಗಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ಓಣಿಯ ಹನ್ನೊಂದು ಜನ ಸೇರಿ ಶೇಕ್ಸ್‌ಪಿಯರನ 'ಎ ಮಿಡ್‌ಸಮರ್ ನೈಟ್ಸ್ ಡ್ರೀಮ್' ಮಾಡಿದೆವು. ಸುಮಾರು 1595-96ರಲ್ಲಿ ಬರೆದದ್ದು, ಅಚ್ಚಾದದ್ದು 1600ರಲ್ಲಿ. ಕನ್ನಡಕ್ಕೆ ಇದು ಹೊಸದೇನಲ್ಲ, ಎಂ.ಎಲ್. ಶ್ರೀಕಂಠೇಶಗೌಡರು ಬಹಳ ಹಿಂದೆಯೇ 'ಪ್ರಮೀಳಾರ್ಜುನೀಯ' ಅಂತ ಇದನ್ನು ನಮ್ಮ ಕಡೆಗೆ ತಿರುಗಿಸಿದ್ದರು. ನಮಗೆ ನಮ್ಮ ಬಾಯಿಗೆ ಒಗ್ಗುವ ಮಾತು ಬೇಕಿತ್ತು. ಹಾಗಾಗಿ ನಾನೇ ಬರೆಯಲು ಕೂತೆ, ಬರೆದದ್ದನ್ನು ದಿನಾ ಸಂಜೆ ಓದಿ ಹೇಳುತ್ತಿದ್ದೆ, ಯಾರ ನಾಲಿಗೆ ಎಲ್ಲಿ ತಡವರಿಸುತ್ತೋ ಅಲ್ಲಿ ಅವರೇ ತಿದ್ದುತ್ತಿದ್ದರು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಅಥೆನ್ಸ್‌ನಲ್ಲಿ ಹರ್ಮಿಯಾ ಅನ್ನೋ ಹುಡುಗಿಗೆ ಲೈಸಾಂಡರ್ ಮೇಲೆ ಪ್ರೀತಿ. ಅಪ್ಪ ಡಿಮಿಟ್ರಿಯಸ್‌ನನ್ನು ಮದುವೆ ಆಗು ಅಂತಾನೆ. ಆಗದಿದ್ದರೆ ಸಾವು, ಇಲ್ಲವೇ ಜೀವನವಿಡೀ ಸನ್ಯಾಸಿನಿ. ಅದು ಅಲ್ಲಿಯ ಕಾನೂನು. ಪ್ರೇಮಿಗಳು ಅಡವಿಗೆ ಓಡುತ್ತಾರೆ, ಡಿಮಿಟ್ರಿಯಸ್ ಬೆನ್ನು ಹತ್ತುತ್ತಾನೆ, ಅವನನ್ನು ಪ್ರೀತಿಸುವ ಹೆಲೆನಾ ಅವನ ಬೆನ್ನು ಹತ್ತುತ್ತಾಳೆ. ಅಡವಿಯಲ್ಲಿ ಯಕ್ಷರ ರಾಜ ರಾಣಿ ಜಗಳ ಆಡುತ್ತಿರುತ್ತಾರೆ. ಒಂದು ಹೂವಿನ ರಸ ಮಲಗಿದವರ ಕಣ್ಣಿಗೆ ಹಚ್ಚಿದರೆ, ಎದ್ದ ಮೇಲೆ ಮೊದಲು ಕಂಡವರ ಮೇಲೆ ಪ್ರೀತಿ ಹುಟ್ಟುತ್ತದೆ. ರಸ ತಪ್ಪು ಕಣ್ಣಿಗೆ ಬೀಳುತ್ತದೆ. ಅದೇ ಅಡವಿಯಲ್ಲಿ ನಾಟಕದ ತಾಲೀಮಿಗೆ ಬಂದ ಆರು ಜನ ಕೆಲಸಗಾರರಲ್ಲಿ ನೇಕಾರನೊಬ್ಬನಿಗೆ ಕತ್ತೆಯ ತಲೆ ಬರುತ್ತದೆ. ರಾಣಿ ಎದ್ದು ಅವನನ್ನೇ ನೋಡುತ್ತಾಳೆ.

ಆ ಹೂವಿನ ಕಥೆಯೇ ನನ್ನನ್ನು ಹಿಡಿದಿದ್ದು. ಮೂಲದಲ್ಲಿ ಪ್ರೇಮದೇವತೆ ಕ್ಯುಪಿಡ್ ಬಿಟ್ಟ ಬಾಣ ಗುರಿ ತಪ್ಪಿ ಒಂದು ಬಿಳಿ ಹೂವಿನ ಮೇಲೆ ಬೀಳುತ್ತದೆ, ಆ ಗಾಯಕ್ಕೆ ಹೂವು ನೇರಳೆ ಆಗುತ್ತದೆ. ಇದು ನಮ್ಮ ಕಾಮಣ್ಣನ ಬಾಣವೇ ಅಲ್ವಾ? ಹೋಳಿಯನ್ನು ನಾವು ಕಾಮನ ಹುಣ್ಣಿಮೆ ಅಂತೀವಿ, ಕಾಮನನ್ನು ಸುಡುತ್ತೀವಿ, ಮರುದಿನ ಬಣ್ಣ ಆಡುತ್ತೀವಿ. ಅದೇ ಹೊತ್ತಿಗೆ ಮುತ್ತಲ ಗಿಡ ಒಂದು ಎಲೆಯೂ ಇಲ್ಲದೆ ಕೆಂಡದ ಹಾಗೆ ಹೂ ಬಿಟ್ಟು ನಿಂತಿರುತ್ತದೆ. ನನಗೆ ಬೇರೆ ಹೂವು ಹುಡುಕಬೇಕು ಅನಿಸಲೇ ಇಲ್ಲ. ಒಂದು ಹಿಡಿ ಒಣ ಹೂವು ರಾತ್ರಿ ನೆನೆಸಿ ಬೆಳಿಗ್ಗೆ ಕುದಿಸಿದರೆ ಒಳ್ಳೆ ಕೇಸರಿ ಬಣ್ಣ ಬರುತ್ತದೆ. ಅದನ್ನೇ ರೆಪ್ಪೆಯ ಮೇಲೆ ಒಂದು ಗೆರೆ ಎಳೆಯುತ್ತಿದ್ದೆವು.

ರಾತ್ರಿಯನ್ನೂ ಕಾಮನ ಹುಣ್ಣಿಮೆಗೆ ತಂದೆ. ಮೂಲದಲ್ಲಿ ಹೊಸ ಚಂದ್ರ ಬರಲು ಇನ್ನು ನಾಲ್ಕು ದಿನ ಅಂತ ನಾಟಕ ಶುರುವಾಗುತ್ತದೆ, ಆದರೂ ಅಡವಿಯ ತುಂಬ ಬೆಳದಿಂಗಳು. ಕೆಲಸಗಾರರು ಪಂಚಾಂಗ ತೆಗೆದು ನೋಡಿ ಅವತ್ತು ಚಂದ್ರ ಇದ್ದಾನೆ ಅಂತ ಖುಷಿಯಾಗುತ್ತಾರೆ. ಶೇಕ್ಸ್‌ಪಿಯರನೇ ಅಷ್ಟು ಸಲಿಗೆ ತಗೊಂಡಿರುವಾಗ ಹುಣ್ಣಿಮೆ ಮಾಡುವುದರಲ್ಲಿ ತಪ್ಪೇನಿಲ್ಲ ಅಂತ ನನ್ನ ಲೆಕ್ಕ. ಒಂದು ಬಿಟ್ಟರೆ ಹೆಸರುಗಳನ್ನು ಬದಲಿಸಲಿಲ್ಲ. ಅಥೆನ್ಸ್ ಅಥೆನ್ಸೇ ಆಗಿತ್ತು. ಅಡವಿ ಮಾತ್ರ ಎಲ್ಲರ ಮನಸ್ಸಿನಲ್ಲೂ ಚಿಂಚೋಳಿ ಕಡೆಯ ಕುಂಚಾವರಂ ಅಡವಿ. ಒಂದು ಭಾನುವಾರ ಎಲ್ಲರೂ ಬುತ್ತಿ ಕಟ್ಟಿಕೊಂಡು ಅಲ್ಲಿಗೆ ಹೋಗಿ ಬಂದಿದ್ದೆವು.

ಈಗ ನಾನು ಮಾಡಿದ ದೊಡ್ಡ ತಪ್ಪು ಹೇಳುತ್ತೇನೆ. ಕನಸು ಅಂದರೆ ನೀಲಿ ಲೈಟು, ಹೊಗೆ, ನಿಧಾನ ನಡಿಗೆ ಅಂದುಕೊಂಡಿದ್ದೆ. ಬಾಡಿಗೆಗೆ ಹೊಗೆ ಯಂತ್ರ ತಂದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಆ ಹೊಗೆಗೆ ಎಲ್ಲರೂ ಕೆಮ್ಮಿದ್ದೇ ಬಂತು. ಕೆಮ್ಮು ಹೋಗಲಿ, ಅಭಿನಯವೇ ಸುಳ್ಳಾಗಿತ್ತು. ನಾಲ್ಕೂ ಪ್ರೇಮಿಗಳು ತಾವು ಕನಸಿನಲ್ಲಿ ಇದ್ದೀವಿ ಅಂತ ಗೊತ್ತಿರುವವರ ಹಾಗೆ ತೇಲಾಡುತ್ತಿದ್ದರು. ಕನಸು ಕಾಣುವಾಗ ಯಾರಿಗಾದರೂ ಅದು ಕನಸು ಅಂತ ಗೊತ್ತಿರುತ್ತಾ? ಬಸ್ಸು ತಪ್ಪಿದ ಕನಸು ಬಿದ್ದರೆ ನಾವು ಖರೇನೇ ಓಡುತ್ತೀವಿ, ಬೆವರುತ್ತೀವಿ. ಅಡವಿಯ ದೃಶ್ಯವನ್ನೂ ಹಾಗೇ ಆಡಬೇಕು, ಹಗಲಿನ ಜಗಳದ ಹಾಗೆ. ಅದು ಕನಸು ಅಂತ ಕಾಣಬೇಕಾದದ್ದು ಎಚ್ಚರ ಆಗುವ ಕ್ಷಣದಲ್ಲಿ. ಇದು ತಿಳಿಯಲು ನನಗೆ ಮೂರು ವಾರ ಬೇಕಾಯಿತು.

ಪ್ರೇಮಿಗಳ ಪಾತ್ರ ಮಾಡುವವರು ಪ್ರೀತಿಯ ಮಾತು ಬಂದರೆ ನಾಚಿಕೊಂಡು ನಗುತ್ತಿದ್ದರು. ಅದಕ್ಕೆ ಒಂದು ವಾರ ನಾಟಕ ಬಿಟ್ಟು ಕಥೆ ಓದಿದೆವು. ದಾಸ್ತೋಯೆವ್‌ಸ್ಕಿ 1848ರಲ್ಲಿ ಬರೆದ 'ವೈಟ್ ನೈಟ್ಸ್'. ಪೀಟರ್ಸ್‌ಬರ್ಗಿನಲ್ಲಿ ಬೇಸಿಗೆಯ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ. ಅಂಥ ನಾಲ್ಕು ರಾತ್ರಿ, ಒಂದು ಬೆಳಗಿನ ಕಥೆ. ಕಥೆ ಹೇಳುವವನಿಗೆ ಹೆಸರೇ ಇಲ್ಲ, ಒಬ್ಬಂಟಿ, ಹಗಲುಗನಸಿನಲ್ಲೇ ಬದುಕುವವನು. ನಾಸ್ತೆಂಕಾ ಅನ್ನೋ ಹುಡುಗಿ ಸಿಗುತ್ತಾಳೆ, ಕೊನೆಗೆ ತನ್ನ ಹಳೆಯ ಪ್ರಿಯನ ಜೊತೆ ಹೋಗುತ್ತಾಳೆ. ನಮ್ಮ ಮನೆ ಮಾಳಿಗೆ ಮೇಲೆ ಚಾಪೆ ಹಾಸಿ ಓದುತ್ತಿದ್ದೆವು. ಬೇಸಿಗೆಯಲ್ಲಿ ಇಲ್ಲಿ ಯಾರಿಗೆ ನಿದ್ದೆ ಬರುತ್ತದೆ ಹೇಳಿ! ಹನ್ನೆರಡು ಹೊಡೆದರೂ ಕಲ್ಲು ಸುಡುತ್ತಿರುತ್ತದೆ. ಮಲಗಲು ಆಗದ ರಾತ್ರಿಯಲ್ಲಿ ಮನಸ್ಸು ಎಲ್ಲೆಲ್ಲಿಗೋ ಹೋಗುತ್ತದೆ ಅನ್ನೋದನ್ನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ.

ಆ ಕಥೆಯಲ್ಲಿ ಕಣ್ಣು ಕಾಣದ ಅಜ್ಜಿ ಇದ್ದಾಳೆ. ಮೊಮ್ಮಗಳು ಎಲ್ಲೂ ಹೋಗಬಾರದು ಅಂತ ಅವಳ ಬಟ್ಟೆಯನ್ನು ತನ್ನ ಬಟ್ಟೆಗೆ ಪಿನ್ನು ಹಾಕಿ ಕೂರಿಸಿಕೊಂಡಿರುತ್ತಾಳೆ. ಮರುದಿನ ತಾಲೀಮಿನಲ್ಲಿ ಹರ್ಮಿಯಾ ಹುಡುಗಿಯ ಓಢಣಿಯನ್ನು ನನ್ನ ಸೆರಗಿಗೆ ಪಿನ್ನು ಹಾಕಿದೆ. ಈಗ ಲೈಸಾಂಡರ್ ಜೊತೆ ಮಾತಾಡು ಅಂದೆ. ಎರಡು ಮಾತು ಆಡಿದಳು. ಅವನ ಕಡೆ ಒಂದು ಹೆಜ್ಜೆ ಇಟ್ಟಳು, ಓಢಣಿ ಬಿಗಿಯಾಯಿತು, ನಿಂತಳು. ಹಿಂದೆ ತಿರುಗಿ ನನ್ನನ್ನು ನೋಡಲಿಲ್ಲ. ಪಿನ್ನನ್ನು ನೋಡಿದಳು. ಆಮೇಲೆ ಧ್ವನಿ ತಗ್ಗಿಸಿ, ಬೇಗ ಬೇಗ, ಯಾರಾದರೂ ಕೇಳಿಸಿಕೊಂಡಾರು ಅನ್ನೋ ಹಾಗೆ ಉಳಿದ ಮಾತು ಹೇಳಿದಳು. ಅವತ್ತಿನಿಂದ ಯಾರೂ ನಗಲಿಲ್ಲ. ಪ್ರದರ್ಶನದಲ್ಲಿ ಪಿನ್ನು ಇರಲಿಲ್ಲ, ಆದರೆ ಅವಳ ಎಡ ಭುಜ ಮಾತ್ರ ಯಾರೋ ಹಿಂದಿನಿಂದ ಎಳೆದ ಹಾಗೆ ಸ್ವಲ್ಪ ವಾಲಿಯೇ ಇರುತ್ತಿತ್ತು.

ಎಚ್ಚರ ಆಗುವುದನ್ನು ಕಲಿಸಿದ್ದು ಕತ್ತೆ ತಲೆಯ ನೇಕಾರ. ಮೂಲದಲ್ಲಿ ಅವನ ಹೆಸರು ಬಾಟಮ್. ಅಂದರೆ ತಳ, ಜೊತೆಗೆ ನೇಕಾರರು ನೂಲು ಸುತ್ತುವ ಕಟ್ಟಿಗೆಗೂ ಅದೇ ಹೆಸರು. ತನ್ನ ಕನಸಿಗೆ ತಳವೇ ಇಲ್ಲ ಅಂತ ಅವನ ಮಾತು. ಇದನ್ನು ಕನ್ನಡಕ್ಕೆ ತರೋಕೆ ನಾನು ಬಹಳ ದಿನ ಒದ್ದಾಡಿದೆ. ಕೊನೆಗೆ ಇವನೊಬ್ಬನ ಹೆಸರು ಮಾತ್ರ ಬದಲಿಸಿ ಎಳೆಪ್ಪ ಅಂತ ಇಟ್ಟೆ. "ಇದು ಎಳೆಪ್ಪನ ಕನಸು. ಎಳದಷ್ಟೂ ಎಳಿ ಬರ್ತದ, ತುದೀನೇ ಸಿಗಾಂಗಿಲ್ಲ." ನಾನು ಬರೆದದ್ದರಲ್ಲಿ ನನಗೆ ತುಂಬ ಇಷ್ಟದ ಸಾಲು ಇದು.

ಎಳೆಪ್ಪ ಆಗಿದ್ದವನು ದಾಲ್ ಮಿಲ್ಲಿನಲ್ಲಿ ಕೆಲಸ ಮಾಡುವವನು. ರಾತ್ರಿ ಪಾಳಿ ಮುಗಿಸಿ, ಹಗಲು ಅರೆಬರೆ ನಿದ್ದೆ ಮಾಡಿ ಬರುತ್ತಿದ್ದ. ಒಂದು ಸಂಜೆ ಅವನ ದೃಶ್ಯ ಬರುವುದರೊಳಗೆ ಗೋಡೆಗೆ ಒರಗಿ ಮಲಗಿಬಿಟ್ಟ. ಎಬ್ಬಿಸಿದೆವು. ಥಟ್ಟನೆ ಎದ್ದು, ಕಣ್ಣು ಎಲ್ಲೋ ನೆಟ್ಟು, "ಪಾಳಿ ಬಂತೇನ್ರಿ?" ಅಂದ. ಮಿಲ್ಲಿನ ಪಾಳಿ ಕೇಳಿದನೋ ನಾಟಕದ ಪಾಳಿ ಕೇಳಿದನೋ ಅವನಿಗೇ ಗೊತ್ತಿರಲಿಲ್ಲ. ನನಗೆ ಮೈ ಜುಂ ಅಂತು. ಯಾಕೆಂದರೆ ಮೂಲದಲ್ಲೂ ನೇಕಾರ ಎದ್ದ ತಕ್ಷಣ ಹೇಳುವ ಮಾತು ಅದೇ: ನನ್ನ ಸರದಿ ಬಂದಾಗ ಕರೀರಿ, ಉತ್ತರ ಕೊಡ್ತೀನಿ. ಯಕ್ಷರ ರಾಣಿ ಪ್ರೀತಿ ಮಾಡಿ ಹೋದಳು, ಇವನಿಗೆ ಇನ್ನೂ ತಾಲೀಮು ನಡೆದೇ ಇದೆ. ಅವತ್ತೇ ಸರದಿ ಹೊಡೆದು ಪಾಳಿ ಅಂತ ಬರೆದೆ. ಆಮೇಲೆ ಅವನು ನಿಧಾನಕ್ಕೆ ತಲೆ ಮುಟ್ಟಿಕೊಂಡು ಕತ್ತೆಯ ಕಿವಿ ಇದ್ದ ಜಾಗ ಹುಡುಕುತ್ತಿದ್ದ.

ಹರ್ಮಿಯಾಗೆ ಎಚ್ಚರವಾದಾಗ ಎಲ್ಲವೂ ಎರಡೆರಡು ಕಾಣುತ್ತವೆ. ನಾವು ಎದ್ದಿದ್ದೀವಾ, ಇನ್ನೂ ಕನಸಿನಲ್ಲೇ ಇದ್ದೀವಾ ಅಂತ ಡಿಮಿಟ್ರಿಯಸ್ ಕೇಳುತ್ತಾನೆ. ಇದಕ್ಕೆ ನನಗೆ ನೆನಪಾದದ್ದು ಕಲ್ಯಾಣಕ್ಕೆ ಬಂದ ನಮ್ಮ ಅಕ್ಕಮಹಾದೇವಿ. ಅವಳ ಒಂದು ವಚನದಲ್ಲಿ ಕನಸು ಬೀಳುತ್ತದೆ. ಅಕ್ಕಿ, ಅಡಕೆ, ತೆಂಗಿನಕಾಯಿ ಕಾಣುತ್ತವೆ. ಚಿಕ್ಕ ಜಡೆಯ ಗೊರವ ಭಿಕ್ಷೆಗೆ ಬರುತ್ತಾನೆ, ಮೀರಿ ಹೋಗುವವನ ಬೆನ್ನು ಹತ್ತಿ ಕೈ ಹಿಡಿಯುತ್ತಾಳೆ. ಚೆನ್ನಮಲ್ಲಿಕಾರ್ಜುನನನ್ನು ಕಂಡು ಕಣ್ಣು ತೆರೆಯುತ್ತಾಳೆ. ನೋಡಿ, ಕನಸು ಸುಳ್ಳಾಗಿ ಒಡೆದು ಹೋಗಲಿಲ್ಲ, ಕಂಡದ್ದಕ್ಕೇ ಕಣ್ಣು ತೆರೆಯಿತು. ಹುಡುಗಿಗೆ ಈ ವಚನ ಮನಸ್ಸಿನಲ್ಲೇ ಹೇಳಿಕೊಂಡು ಏಳು ಅಂದೆ. ಎದ್ದಳು. ಬೇರೇನೂ ಹೇಳಿಕೊಡಲಿಲ್ಲ.

ಎರಡನೇ ಪ್ರದರ್ಶನ ಸೇಡಂ ಕಡೆಯ ಒಂದು ಹಳ್ಳಿಯ ಬಯಲಿನಲ್ಲಿ. ರಾಜ ರಾಣಿ ಜಗಳದಿಂದ ಕಾಲ ತಿರುಗಿದೆ, ಹೊಳೆ ಉಕ್ಕಿದೆ, ಪೈರು ಬಲಿಯುವ ಮೊದಲೇ ಕೊಳೆತಿದೆ ಅಂತ ಯಕ್ಷರ ರಾಣಿ ಟೈಟಾನಿಯಾ ಹೇಳುವ ಉದ್ದ ಮಾತಿದೆ. ಶಹರದಲ್ಲಿ ಜನ ಅಲ್ಲಿ ಮೊಬೈಲ್ ನೋಡಿದ್ದರು. ಇಲ್ಲಿ ತೊಗರಿ ಬೆಳೆಯುವವರು ಕೂತಿದ್ದರು. ಹೊಲದಲ್ಲಿ ನೀರು ನಿಂತರೆ ತೊಗರಿಗೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಒಬ್ಬರೂ ಅಲುಗಾಡಲಿಲ್ಲ.

ಕೊನೆಯ ಅಂಕದಲ್ಲಿ ಅಥೆನ್ಸ್‌ನ ದೊರೆ ಥೀಸಿಯಸ್, ಹುಚ್ಚ, ಪ್ರೇಮಿ, ಕವಿ ಮೂವರೂ ಕಲ್ಪನೆಯಿಂದಲೇ ಆದವರು ಅಂತ ಹೇಳಿ ಪ್ರೇಮಿಗಳ ಅಡವಿಯ ಕಥೆಯನ್ನು ತಳ್ಳಿಹಾಕುತ್ತಾನೆ. ಈ ಮಾತು ಎಲ್ಲರಿಗೂ ಗೊತ್ತು. ಅವನ ಹೆಂಡತಿ ಹಿಪೊಲಿಟಾ ಕೊಡುವ ಉತ್ತರ ಮರೆತುಬಿಡುತ್ತಾರೆ: ಎಲ್ಲರ ಮನಸ್ಸೂ ಒಂದೇ ರಾತ್ರಿ ಒಟ್ಟಿಗೆ ಬದಲಾಗಿದೆ ಅಂದರೆ ಅದರಲ್ಲಿ ಏನೋ ಗಟ್ಟಿ ಇದೆ. ನಾನು ಅವಳ ಕಡೆ. ಅದಕ್ಕೇ ಒಂದು ಕೆಲಸ ಬೇಕಂತಲೇ ಮಾಡಿದೆ. ನಾಟಕದಲ್ಲಿ ಲೈಸಾಂಡರ್ ಕಣ್ಣಿನ ರಸ ತೆಗೆಯುತ್ತಾರೆ, ರಾಣಿಯ ಕಣ್ಣಿನದೂ ತೆಗೆಯುತ್ತಾರೆ. ಡಿಮಿಟ್ರಿಯಸ್‌ನದು ಮಾತ್ರ ಯಾರೂ ತೆಗೆಯುವುದಿಲ್ಲ. ಹೆಲೆನಾ ಜೊತೆ ಮದುವೆಗೆ ಅವನು ಆ ಕಣ್ಣಿನಲ್ಲೇ ಕೂರುತ್ತಾನೆ. ನಾವು ಅವನ ರೆಪ್ಪೆಯ ಮೇಲಿನ ಮುತ್ತಲ ಗೆರೆಯನ್ನು ಕೊನೆವರೆಗೂ ಹಾಗೇ ಬಿಟ್ಟೆವು.

ನಾಟಕ ಮುಗಿದು ಸಾಮಾನು ಕಟ್ಟುವಾಗ, ಮುಂದೆಯೇ ಕೂತು ನೋಡಿದ್ದ ಒಬ್ಬ ಅಜ್ಜಿ ಹತ್ತಿರ ಬಂದರು.

"ಯವ್ವಾ, ಆ ಹುಡುಗನ ಕಣ್ಣಿನ ಬಣ್ಣ ತೊಳೀಲೇ ಇಲ್ಲಲ್ಲ?"

"ಇಲ್ಲ ಆಯಿ, ಕತ್ಯಾಗೇ ಹಾಂಗದ" ಅಂದೆ.

ಅವರು ಪಕ್ಕದಲ್ಲಿ ನಿಂತು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದ ಹೆಲೆನಾಳನ್ನು ಸ್ವಲ್ಪ ಹೊತ್ತು ನೋಡಿದರು.

"ಇರ್ಲಿ ಬಿಡು. ತೊಳೀಬ್ಯಾಡ್ರಿ" ಅಂದರು.