ಕರಿಬೇವಿನ ಹುಳು, ಎಂಟು ಪುಟದ ಪುಸ್ತಕ

ಕರಿಬೇವಿನ ಎಲೆಯನ್ನು ಹುಳು ತಿಂದಿದ್ದರೆ ಕಿತ್ತು ಬಿಸಾಡಬೇಡಿ. ಮಗುವನ್ನು ಕರೆದು ತೋರಿಸಿ. ಆ ಹುಳುವಿನ ಮೇಲೆ ಮಗುವೇ ಒಂದು ಚಿತ್ರಪುಸ್ತಕ ಮಾಡಬಹುದು. ಬೇಕಾಗಿರುವುದು ಒಂದು ಎ4 ಹಾಳೆ, ಕತ್ತರಿ, ಪೆನ್ಸಿಲ್, ಬಣ್ಣ. ಹುಳು ಚಿಟ್ಟೆಯಾಗುವವರೆಗೂ ನೋಡಬೇಕು, ಹಾಗಾಗಿ ಮುಗಿಯಲು ಮೂರು ನಾಲ್ಕು ವಾರ ಹಿಡಿಯುತ್ತದೆ.

ಮೊದಲು ಪುಸ್ತಕ ಮಡಚಿಕೊಳ್ಳಿ. ಹಾಳೆಯನ್ನು ಉದ್ದಕ್ಕೆ ಮಡಚಿ ಬಿಚ್ಚಿ. ಅಡ್ಡಕ್ಕೆ ಎರಡು ಸಲ ಮಡಚಿ ಬಿಚ್ಚಿದರೆ ಎಂಟು ಮನೆ ಕಾಣುತ್ತವೆ. ಈಗ ಅಡ್ಡಕ್ಕೆ ಒಂದೇ ಸಲ ಮಡಚಿ, ಮಡಿಕೆಯ ಕಡೆಯಿಂದ ನಡುಗೆರೆಯ ಮೇಲೆ ಒಂದು ಮನೆಯಷ್ಟು ಮಾತ್ರ ಕತ್ತರಿಸಿ. ಬಿಚ್ಚಿ, ಮತ್ತೆ ಉದ್ದಕ್ಕೆ ಮಡಚಿ, ಎರಡೂ ತುದಿ ಹಿಡಿದು ಒಳಕ್ಕೆ ತಳ್ಳಿ. ಸೀಳು ಬಾಯಿ ತೆರೆದು ಹಾಳೆ ಕೂಡಿಸುವ ಗುರುತಿನ ಹಾಗೆ ನಿಲ್ಲುತ್ತದೆ. ಒಂದು ಕಡೆಗೆ ಮಡಚಿ, ಆಯ್ತು. ಬಿಚ್ಚುವ ಮೊದಲೇ ಪೆನ್ಸಿಲ್‌ನಲ್ಲಿ ಪುಟದ ನಂಬರ್ ಹಾಕಿ. ಬಿಚ್ಚಿದಾಗ ಒಂದು ಸಾಲಿನ ಪುಟಗಳು ತಲೆಕೆಳಗಾಗಿರುತ್ತವೆ, ನಂಬರ್ ಇಲ್ಲದಿದ್ದರೆ ಗೊಂದಲ ಗ್ಯಾರಂಟಿ.

ಇನ್ನು ನೋಡುವ ಕೆಲಸ. ಪುಸ್ತಕದ ಜೀವ ಇರುವುದು ಇಲ್ಲೇ. ಎಳೆ ಎಲೆಯ ಮೇಲೆ ಸಾಸಿವೆಗಿಂತ ಚಿಕ್ಕ ಹಳದಿ ಮೊಟ್ಟೆ ಸಿಗಬಹುದು. ಮರಿಹುಳು ಥೇಟ್ ಹಕ್ಕಿ ಹಿಕ್ಕೆಯ ಹಾಗಿರುತ್ತದೆ, ಕಂದು ಮೈ, ಅಲ್ಲಲ್ಲಿ ಬಿಳಿ ಮಚ್ಚೆ. ಹಿಕ್ಕೆಯನ್ನು ಯಾವ ಹಕ್ಕಿ ತಿನ್ನುತ್ತದೆ, ಅಲ್ವಾ? ಪೊರೆ ಬಿಡುತ್ತಾ ಬೆಳೆದು, ಕೊನೆಗೆ ಎಲೆಯದೇ ಹಸಿರಾಗುತ್ತದೆ. ಆಗ ಮೆಲ್ಲಗೆ ಒಂದು ಕಡ್ಡಿ ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬು ಹೊರಗೆ ಬರುತ್ತದೆ, ಜೊತೆಗೆ ಘಾಟು ವಾಸನೆ. ಒಂದೇ ಸಲ ಸಾಕು, ಅದಕ್ಕೆ ಜಾಸ್ತಿ ತೊಂದರೆ ಬೇಡ.

ಹುಳುವನ್ನು ಒಂಟಿಯಾಗಿ ಬಿಡಿಸಬೇಡಿ, ಅದು ತಿನ್ನುವ ಎಲೆಯೂ ಚಿತ್ರದಲ್ಲಿರಲಿ. 1647ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಚಿತ್ರಕಲಾವಿದೆ ಮರಿಯಾ ಸಿಬಿಲ್ಲಾ ಮೇರಿಯನ್ ಹೀಗೇ ಬಿಡಿಸುತ್ತಿದ್ದರು. 13ನೇ ವಯಸ್ಸಿಗೇ ರೇಷ್ಮೆಹುಳು ಸಾಕಿ ನೋಡಿದವರು ಅವರು. ಹುಳಗಳು ಕೆಸರಿನಿಂದ ಹುಟ್ಟುತ್ತವೆ ಎಂದು ತುಂಬ ಜನ ನಂಬಿದ್ದ ಕಾಲ ಅದು. 1679ರ ತಮ್ಮ ಪುಸ್ತಕದಲ್ಲಿ ಹುಳು, ಕೋಶ (ಹುಳು ಚಿಟ್ಟೆಯಾಗುವ ಮೊದಲು ಅಲುಗದೆ ಇರುವ ಹಂತ), ಚಿಟ್ಟೆ, ಆಹಾರದ ಗಿಡ ಎಲ್ಲವನ್ನೂ ಒಟ್ಟಿಗೆ ಚಿತ್ರಿಸಿದರು.

ಪುಟ ಹಂಚುವಾಗ ಒಂದು ಗುಟ್ಟು. ಕೋಶ 5ನೇ ಪುಟದಲ್ಲಿರಲಿ, ನೂಲಿನ ಸೊಂಟಪಟ್ಟಿ ಕಟ್ಟಿಕೊಂಡು ಕಡ್ಡಿಗೆ ಒರಗಿರುತ್ತದಲ್ಲ, ಹಾಗೇ. ಕೆಳಗೆ ಮಗುವಿನ ಪ್ರಶ್ನೆ ಬರೆಸಿ. ಉತ್ತರ ನೀವು ಹೇಳಬೇಡಿ. ಪುಟ ತಿರುಗಿಸಿದರೆ 6 ಮತ್ತು 7 ಸೇರಿ ಒಂದೇ ದೊಡ್ಡ ಚಿಟ್ಟೆ.

ಕಾಣದ್ದನ್ನು ಕಂಡಂತೆ ಬಿಡಿಸುವುದು ಬೇಡ. ನಮ್ಮ ಮನೆಯ ಮೊದಲ ಹುಳು ಒಂದು ಬೆಳಿಗ್ಗೆ ಕಾಣೆಯಾಗಿತ್ತು. ಮಗಳು ಅತ್ತಳು. ಚಿಟ್ಟೆ ಬಿಡಿಸಿಬಿಡು ಅನ್ನಲು ನನಗೆ ಮನಸ್ಸಾಗಲಿಲ್ಲ. ಅವಳು ಅರ್ಧ ತಿಂದ ಎಲೆ ಬಿಡಿಸಿ, "ಸೋಮವಾರ ಇರಲಿಲ್ಲ" ಎಂದು ಬರೆದಳು. ನನಗೆ ಇವತ್ತಿಗೂ ಇಷ್ಟದ ಪುಟ ಅದೇ. ಚಿಟ್ಟೆ ಬಂದಿದ್ದು ಎರಡನೇ ಹುಳುವಿನಿಂದ, ಎರಡನೇ ಪುಸ್ತಕದಲ್ಲಿ.

ಚಿತ್ರವೆಲ್ಲ ಹಾಳೆಯ ಒಂದೇ ಮಗ್ಗಲಲ್ಲಿ ಇರುವುದರಿಂದ ಬಿಚ್ಚಿ ಜೆರಾಕ್ಸ್ ಮಾಡಿಸಬಹುದು. ಗೆಳೆಯರಿಗೊಂದು, ಅಜ್ಜಿಗೊಂದು. ಬಣ್ಣ ಅವರೇ ಹಾಕಿಕೊಳ್ಳಲಿ.