ಕಿಲುಬು ತೊಳೆಯದೆ ಉಳಿಸಿಕೊಂಡ ಕುದುರೆ

ಬಟ್ಟಲಲ್ಲಿ ಹುಣಸೆಹಣ್ಣು ನೆನೆಹಾಕಿ ಆಗಿತ್ತು. ಮ್ಯಾಸಚೂಸೆಟ್ಸ್‌ನ ಹಳ್ಳಿಯೊಂದರಲ್ಲಿ ಹಳೇ ಕೊಟ್ಟಿಗೆ ಕೆಡವುವಾಗ ಕೊಂಡು ತಂದ ತಾಮ್ರದ ಕುದುರೆ ಮೇಜಿನ ಮೇಲಿತ್ತು. ಸೂರಿನ ನೆತ್ತಿಯಲ್ಲಿ ನಿಂತು ಗಾಳಿಯ ದಿಕ್ಕು ತೋರಿಸುತ್ತಿದ್ದ ವೆದರ್ ವೇನ್ ಅದು. ಮೈಯೆಲ್ಲ ಹಸಿರು ಕಿಲುಬು. ತಾಮ್ರ ಕಿಲುಬು ಹಿಡಿದರೆ ಹುಣಸೆ, ಉಪ್ಪು ಹಾಕಿ ತಿಕ್ಕಬೇಕು ಅಂತ ಅಮ್ಮನಿಂದ ಕಲಿತವಳು ನಾನು. ತಿಕ್ಕುವ ಮುಂಚೆ ಒಮ್ಮೆ ಟಾರ್ಚ್ ಬಿಟ್ಟು ನೋಡಿದೆ. ಕತ್ತಿನ ಜೂಲಿನ ಸಂದಿಯಲ್ಲಿ, ಹೊಟ್ಟೆಯಡಿಯಲ್ಲಿ ಚಿನ್ನದ ರೇಕು ಇನ್ನೂ ಅಂಟಿಕೊಂಡಿತ್ತು! ಹುಣಸೆ ಅಡುಗೆಮನೆಗೆ ವಾಪಸ್ ಹೋಯಿತು.

ದೂರಕ್ಕೆ ಕಾಣಲಿ, ಮಳೆಗೆ ತಡೆಯಲಿ ಎಂದು ಇವಕ್ಕೆ ಚಿನ್ನದ ರೇಕು ಹಚ್ಚುತ್ತಿದ್ದರು. ಬಾಸ್ಟನ್‌ನ ಹಳೇ ಸಭಾಭವನ ಫ್ಯಾನುಯಿಲ್ ಹಾಲ್ ಮೇಲೆ 1742ರಿಂದ ಇರುವ, ಶೆಮ್ ಡ್ರೌನ್ ಮಾಡಿದ ಮಿಡತೆ ಆಕಾರದ ವೇನ್‌ಗೂ ಚಿನ್ನದ ಲೇಪವಿದೆ. 19ನೇ ಶತಮಾನದಲ್ಲಿ ವಾಲ್ಥಮ್‌ನ ಕುಶಿಂಗ್‌ನಂಥ ಕಾರ್ಖಾನೆಗಳು ಮೊದಲು ಮರದಲ್ಲಿ ಮಾದರಿ ಕೆತ್ತಿಸಿ, ಅದರಿಂದ ಕಬ್ಬಿಣದ ಅಚ್ಚು ಎರಕ ಹೊಯ್ದು, ತೆಳು ತಾಮ್ರದ ತಗಡನ್ನು ಅಚ್ಚಿನೊಳಗೆ ಬಡಿದು ಎರಡು ಹೋಳು ಮಾಡಿ ಬೆಸೆಯುತ್ತಿದ್ದವು. ನನ್ನ ಕುದುರೆಗೆ ಮಾಡಿದವರ ಮುದ್ರೆಯಿಲ್ಲ, ಆದ್ದರಿಂದ ಇಂಥವರದೇ ಎಂದು ಯಾರಿಗೂ ಹೇಳುವುದಿಲ್ಲ.

ಹೊಸದಕ್ಕೆ ಆಮ್ಲ ಬಳಿದು ಹಳೇದೆಂದು ಮಾರುವವರಿದ್ದಾರೆ. ಅಂಥದರ ಹಸಿರು ಎಲ್ಲ ಕಡೆ ಒಂದೇ ಸಮ ಇರುತ್ತದೆ. ನಿಜವಾಗಿ ಸೂರಿನ ಮೇಲಿದ್ದದ್ದು ಹಾಗಿರುವುದಿಲ್ಲ: ಉಬ್ಬಿದ ಕಡೆ ರೇಕು ಸವೆದು, ಮಳೆ ತಾಗದ ಕಡೆ ಉಳಿದಿರುತ್ತದೆ. ನನ್ನ ಕುದುರೆಯ ಪಕ್ಕೆಯಲ್ಲಿ ಎರಡು ಗುಂಡಿನ ತೂತಿವೆ (ಕೊಟ್ಟಿಗೆಯ ಕುದುರೆಗಳಿಗೆ ಗುರಿಯಿಟ್ಟು ಹೊಡೆಯುವುದು ಅಲ್ಲಿ ಮಾಮೂಲಾಗಿತ್ತು). ತೂತಿನ ಅಂಚಿಗೂ ಕಿಲುಬು ಕೂತಿದೆ. ಹೊಸ ತೂತಾಗಿದ್ದರೆ ಅಂಚಿನಲ್ಲಿ ಕೆಂಪು ತಾಮ್ರ ಹೊಳೆಯಬೇಕಿತ್ತು.

ಮೆತ್ತನೆ ಬ್ರಷ್‌ನಲ್ಲಿ ಧೂಳು, ಹಕ್ಕಿ ಹಿಕ್ಕೆ ತೆಗೆದೆ. ಡಿಸ್ಟಿಲ್ಡ್ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿದೆ. ಹೊಟ್ಟೆಯ ಬೆಸುಗೆ ಒಂದು ಗೇಣು ಬಿಟ್ಟುಕೊಂಡಿದೆ. ಬೆಂಕಿ ತೋರಿಸಿದರೆ ಪಕ್ಕದ ರೇಕೂ ಕಿಲುಬೂ ಹೋಗುತ್ತವೆ, ಹಾಗೇ ಬಿಟ್ಟೆ.

ರಿಪೇರಿಗೆ ಕೈಹಾಕಿದ್ದು ಸರಳಿನ ಮೇಲೆ ತಿರುಗುವ ಕೊಳವೆಗೆ ಮಾತ್ರ. ಅದು ನಡುಮಧ್ಯದಲ್ಲಿಲ್ಲ, ಮುಂಗಾಲ ಕಡೆಗಿದೆ. ಹಿಂಭಾಗದ ಮೈ ದೊಡ್ಡದು, ಗಾಳಿ ಅದನ್ನು ತಳ್ಳುವುದರಿಂದ ಮೂತಿ ಗಾಳಿ ಬರುವ ದಿಕ್ಕಿಗೇ ತಿರುಗುತ್ತದೆ. ಗಟ್ಟಿಯಾಗಿದ್ದ ಹಳೇ ಗ್ರೀಸನ್ನು ಮರದ ಕಡ್ಡಿಯಿಂದ ಕೆರೆದು, ಹೊಸ ಕಬ್ಬಿಣದ ಸರಳಿನ ಮೇಲೆ ಕೂರಿಸಿದೆ.

ಮೂತಿ ಈಶಾನ್ಯಕ್ಕೆ ನಿಂತ ದಿನ ತಮ್ಮ ಮಾವ ಹುಲ್ಲು ಕೊಯ್ಯುತ್ತಿರಲಿಲ್ಲ, ಮಳೆ ಬರುವುದು ಆ ಕಡೆಯಿಂದಲೇ ಎಂದು ಮಾರಿದ ಅಜ್ಜಿ ಹೇಳಿದ್ದರು. ಈಗ ಅದು ನಮ್ಮ ಹಾಲ್‌ನಲ್ಲಿದೆ. ಈಶಾನ್ಯದ ಕಿಟಕಿ ತೆರೆದಿಟ್ಟ ದಿನ ನಿಧಾನಕ್ಕೆ ಆ ಕಡೆ ತಿರುಗುತ್ತದೆ.